ಪರಿಣತರ ಕೈಯಲ್ಲಿ ಸಾಯುವ ಹವಳ

ಮನೆಯಲ್ಲಿ ಸಮುದ್ರದ ನೀರಿನ ಅಕ್ವೇರಿಯಂ ಇಟ್ಟುಕೊಂಡವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹವಳಗಳಲ್ಲಿ ಸುಲಭದವು, ಕಷ್ಟದವು ಎಂದು ಎರಡು ಬಗೆ. ಹೊಸಬರು ಸುಲಭದವನ್ನು ಸಾಕಬೇಕು, ಕೈ ಪಳಗಿದ ಮೇಲೆ ಕಷ್ಟದವಕ್ಕೆ ಹೋಗಬೇಕು. ಕಷ್ಟದ ಹವಳವನ್ನು ಹೊಸಬ ಕೊಂಡರೆ ಅದು ಬೇಜವಾಬ್ದಾರಿ, ಹತ್ತು ವರ್ಷದ ಹಳಬ ಕೊಂಡರೆ ಅದು ಸಾಧನೆಯ ಮೆಟ್ಟಿಲು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಆರಡಿ ಟ್ಯಾಂಕ್ ಇಟ್ಟವರೂ ಇದನ್ನೇ ಹೇಳುತ್ತಾರೆ, ಜರ್ಮನಿ, ಅಮೆರಿಕದ ಹವ್ಯಾಸಿಗಳೂ ಇದನ್ನೇ ಹೇಳುತ್ತಾರೆ. ಕಿವಿಗೆ ತುಂಬ ಜವಾಬ್ದಾರಿಯ ಮಾತಿನ ಹಾಗೆ ಕೇಳಿಸುತ್ತದೆ.

ನನ್ನ ತಕರಾರು ಈ ಜವಾಬ್ದಾರಿಯ ಮಾತಿನ ಮೇಲೆಯೇ. ಹೊಸಬರ ಆತುರವನ್ನು ಬೈದು ಬರೆದವರು ಬೇಕಾದಷ್ಟು ಜನ ಇದ್ದಾರೆ. ಹಳಬರ ಅನುಭವವನ್ನೇ ಪರವಾನಗಿ ಮಾಡಿಕೊಟ್ಟದ್ದು ಯಾರು ಎಂದು ಕೇಳಿದವರು ಕಡಿಮೆ. ಸಾಕುವವನ ಕೈಗುಣ ಎಷ್ಟೇ ಇರಲಿ, ಸತ್ತದ್ದರ ಜಾಗಕ್ಕೆ ಸಮುದ್ರದಿಂದ ಇನ್ನೊಂದನ್ನು ಕಿತ್ತು ತರದೆ ನಡೆಯದ ಹವಳವನ್ನು ಮನೆಗೆ ಮಾರಲೇಬಾರದು ಎಂಬುದು ನನ್ನ ವಾದ. ಎಲ್ಲ ಹವಳದ ಮಾತಲ್ಲ ಇದು. ತುಂಡು ಮಾಡಿ ನೆಟ್ಟರೆ ಚಿಗುರುವ, ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಕೈಬದಲಾಗುತ್ತ ಬಾಳುವ ಹವಳಗಳಿವೆ. ಅವುಗಳ ಬಗ್ಗೆ ನನಗೆ ಜಗಳವಿಲ್ಲ.

ಗೋನಿಯೊಪೊರಾವನ್ನೇ ತೆಗೆದುಕೊಳ್ಳಿ. ಮುಷ್ಟಿಗಾತ್ರದ ಸುಣ್ಣದ ಉಂಡೆ. ಅದರ ಮೈತುಂಬ ಇರುವ ಪಾಲಿಪ್ ಎಂಬ ಪುಟ್ಟ ಜೀವಿಗಳು ಹಗಲು ಹೊತ್ತಿನಲ್ಲಿ ಬೆರಳುದ್ದ ಚಾಚಿಕೊಂಡು ತುದಿಯಲ್ಲಿ ಎಸಳು ಬಿಚ್ಚುತ್ತವೆ. ಒಂದೊಂದರಲ್ಲೂ 24 ಎಸಳು; 12 ಮಾತ್ರ ಇದ್ದರೆ ಅದು ಆಲ್ವಿಯೊಪೊರಾ ಎಂಬ ಬೇರೆ ಕುಲ. ನೀರಿನ ಸೆಳೆತಕ್ಕೆ ಇಡೀ ಉಂಡೆ ತೂಗಾಡುತ್ತದೆ. ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಇದರ ಮೇಲೆ, ಬೆಲೆಯೂ ಅಂಥ ಹೆಚ್ಚಿನದಲ್ಲ. ದಶಕಗಳ ಕಾಲ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಗಟ್ಟಿ ಹವಳಗಳಲ್ಲಿ ಇದೂ ಒಂದು. ಅದೇ ದಶಕಗಳಲ್ಲಿ, ತಂದ ವರ್ಷದೊಳಗೆ ಸಾಯುವುದಕ್ಕೆ ಹೆಸರಾದದ್ದೂ ಇದೇ.

ಸಾಯುವ ರೀತಿಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಮೋಸವೆಲ್ಲ ಅಲ್ಲಿದೆ. ಮೊದಲ ವಾರಗಳಲ್ಲಿ ಗೋನಿಯೊಪೊರಾ ಅದ್ಭುತವಾಗಿ ಅರಳುತ್ತದೆ. ಯಜಮಾನರು ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸುತ್ತಾರೆ. ಮೂರನೆಯ ತಿಂಗಳೋ ನಾಲ್ಕನೆಯ ತಿಂಗಳೋ ಒಂದು ಬದಿಯ ಪಾಲಿಪ್‌ಗಳು ಬೆಳಿಗ್ಗೆ ಏಳುವುದು ತಡವಾಗುತ್ತದೆ. ಆಮೇಲೆ ಅರ್ಧ ಮಾತ್ರ ಚಾಚುತ್ತವೆ. ಬುಡದ ಅಂಚಿನಲ್ಲಿ ಮಾಂಸ ಹಿಂದೆ ಸರಿದು ಬೆಳ್ಳಗೆ ಸುಣ್ಣ ಕಾಣಿಸುತ್ತದೆ, ವಾರದೊಳಗೆ ಆ ಸುಣ್ಣದ ಮೇಲೆ ಹಸಿರು ಪಾಚಿ ಹತ್ತುತ್ತದೆ. ನೀರು ಪರೀಕ್ಷೆ ಮಾಡಿದರೆ ಎಲ್ಲ ಸರಿ: ಕ್ಯಾಲ್ಸಿಯಂ ಸರಿ, ಕ್ಷಾರತೆ ಸರಿ, ಉಪ್ಪಿನಂಶ ಸಾವಿರಕ್ಕೆ 35, ಉಷ್ಣತೆ 25 ಡಿಗ್ರಿ. ತಪ್ಪು ಆ ಅಂಕಿಗಳಲ್ಲಿಲ್ಲ. ಹವಳ ಮೊದಲ ದಿನದಿಂದಲೂ ಹಸಿದುಕೊಂಡಿತ್ತು. ಮೈಯೊಳಗಿನ ಪಾಚಿಕಣಗಳು ಬೆಳಕಿನಿಂದ ಮಾಡಿಕೊಡುವ ಸಕ್ಕರೆ ಅದಕ್ಕೆ ಸಾಲದು; ನೀರಲ್ಲಿ ತೇಲುವ ಸಣ್ಣ ಜೀವಿಗಳೂ ಕಣಗಳೂ ದಿನವೂ ಬೇಕು. ಅದು ಸಿಗದಾಗ ತನ್ನ ಮೈಯನ್ನೇ ಕರಗಿಸಿಕೊಂಡು ಬದುಕುತ್ತದೆ. ಅದು ಕರಗುತ್ತಿದ್ದ ತಿಂಗಳುಗಳನ್ನು ನಾವು ‘ಚೆನ್ನಾಗಿ ಹೊಂದಿಕೊಂಡಿದೆ’ ಎಂದು ಹೇಳಿಕೊಂಡು ಕಳೆಯುತ್ತೇವೆ.

ಈಚಿನ ವರ್ಷಗಳಲ್ಲಿ ಕೆಲವು ಗೋನಿಯೊಪೊರಾ ಜಾತಿಗಳು ಕೆಲವರ ತೊಟ್ಟಿಗಳಲ್ಲಿ ಬೆಳೆಯುತ್ತಿವೆ, ತುಂಡಾಗಿ ಹಂಚಿಕೆಯೂ ಆಗುತ್ತಿವೆ. ಇದನ್ನು ನಾನು ಮುಚ್ಚಿಡುವುದಿಲ್ಲ. ನನ್ನ ಎದುರುವಾದಿಗಳ ಅತಿ ಬಲವಾದ ಅಸ್ತ್ರವೇ ಇದು: ‘ನೋಡಿ, ನಿನ್ನೆ ಅಸಾಧ್ಯವೆಂದದ್ದು ಇವತ್ತು ಸಾಧ್ಯ. ಯಾರಾದರೂ ಪ್ರಯತ್ನ ಮಾಡಿದ್ದಕ್ಕೇ ತಾನೇ?’

ಇದಕ್ಕೆ ಉತ್ತರ ಕೊಡುವ ಮೊದಲು ಎಲಿಗೆನ್ಸ್ ಹವಳದ ಕತೆ ಹೇಳಬೇಕು. ವೈಜ್ಞಾನಿಕ ಹೆಸರು ಕ್ಯಾಟಲಾಫಿಲಿಯಾ ಜಾರ್ಡಿನಿ. 1980ರ ದಶಕದಲ್ಲಿ, 90ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಹೊಸಬರಿಗೂ ಧೈರ್ಯವಾಗಿ ಕೊಡುತ್ತಿದ್ದರು. ಅಷ್ಟು ಗಟ್ಟಿ ಜೀವ ಎಂದು ಹೆಸರು. ಆ ದಶಕ ಮುಗಿಯುವ ಹೊತ್ತಿಗೆ ಆಮದಾಗಿ ಬಂದ ಎಲಿಗೆನ್ಸ್‌ಗಳು ಸಾಲುಸಾಲಾಗಿ ಸಾಯತೊಡಗಿದವು. ಮೈ ಊದಿಕೊಳ್ಳುತ್ತಿತ್ತು, ಎಸಳುಗಳು ಮುದುಡಿ ಮೊಂಡಾಗುತ್ತಿದ್ದವು, ವಾರಗಳಲ್ಲಿ ಅಸ್ಥಿ ಮಾತ್ರ ಉಳಿಯುತ್ತಿತ್ತು. ಸಾಕುತ್ತಿದ್ದವರು ಅವರೇ, ಬಹುಪಾಲು ಅದೇ ದೀಪ, ಅದೇ ಉಪ್ಪು. ಅನುಭವವಂತೂ ಹತ್ತು ವರ್ಷ ಹೆಚ್ಚಾಗಿತ್ತು. ಎರಿಕ್ ಬೋರ್ನ್‌ಮನ್ ಎಂಬ ಅಮೆರಿಕನ್ ಹವಳತಜ್ಞರು ಇದನ್ನೇ ಹಿಡಿದು ಅಧ್ಯಯನಕ್ಕೆ ಕೂತರು. ರೋಗ ಎಂದವರಿದ್ದಾರೆ, ಹಿಂದೆಂದೂ ಮುಟ್ಟದಿದ್ದ ಆಳದಿಂದ ಕೀಳತೊಡಗಿದ್ದಕ್ಕೆ ಹೀಗಾಯಿತು ಎಂದವರಿದ್ದಾರೆ. ಯಾವುದೇ ಆಗಲಿ, ಹವಳದ ಹಣೆಬರಹ ನಿರ್ಧಾರವಾದದ್ದು ಅದು ನಮ್ಮ ತೊಟ್ಟಿಗೆ ಇಳಿಯುವ ಮುಂಚೆಯೇ: ಕಿತ್ತ ಜಾಗದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಸಗಟು ವ್ಯಾಪಾರಿಯ ತೊಟ್ಟಿಯಲ್ಲಿ. ಅನುಭವಿಗೆ ಅನುಭವವೇ ಕೆಲಸಕ್ಕೆ ಬಾರದ ಕಡೆ ಅನುಭವದ ಪರವಾನಗಿಗೆ ಏನರ್ಥ?

ಇನ್ನು ಪ್ರಯತ್ನದ ಮಾತು. ಪ್ರಯೋಗ ಎಂದರೆ ಲೆಕ್ಕ ಇರಬೇಕು. ಎಷ್ಟು ತಂದೆ, ಎಲ್ಲಿಂದ ತಂದೆ, ಯಾವುದಕ್ಕೆ ಏನು ಕೊಟ್ಟೆ, ಎಷ್ಟು ಸತ್ತವು, ಯಾವ ದಿನ ಸತ್ತವು. ಹವ್ಯಾಸದ ಲೋಕದಲ್ಲಿ ಬದುಕಿದ್ದಕ್ಕೆ ಫೋಟೊ ಇದೆ, ಸತ್ತದ್ದಕ್ಕೆ ಕಸದ ಬುಟ್ಟಿ. ಸತ್ತ ಅಸ್ಥಿಯನ್ನು ತೊಳೆದು ಷೋಕೇಸಿನಲ್ಲಿ ಇಟ್ಟವರೂ ಇದ್ದಾರೆ, ಅದು ಬೇರೆ ಮಾತು. ಒಬ್ಬರ ತೊಟ್ಟಿಯಲ್ಲಿ ಎರಡು ವರ್ಷ ಬದುಕಿದ ಗೋನಿಯೊಪೊರಾದ ಹಿಂದೆ, ಹೇಳದೇ ಬಿಟ್ಟ ಎಷ್ಟು ಮನೆಗಳ ಸಾವಿದೆ ಎಂಬುದು ಯಾರಿಗೂ ತಿಳಿಯದು. ತಿಳಿಯದಿರುವುದಕ್ಕೆ ಕಾರಣ ಯಾರೂ ಬರೆದಿಡದಿರುವುದು. ಹೀಗೆ ಬರೆದಿಡದ ಸಾವು ಯಾರಿಗೂ ಏನನ್ನೂ ಕಲಿಸುವುದಿಲ್ಲ. ಅದನ್ನು ಪ್ರಯೋಗ ಎಂದು ಕರೆಯುವುದು ಪ್ರಯೋಗ ಮಾಡುವವರಿಗೆ ಮಾಡುವ ಅವಮಾನ.

ಹವ್ಯಾಸದ ನಿಜವಾದ ಜ್ಞಾನ ಎಲ್ಲಿಂದ ಬಂತು ಎಂದು ಹಿಂತಿರುಗಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ತಮ್ಮ ವಿಧಾನವನ್ನು ಒಂದು ಅಮೆರಿಕನ್ ಮೀನು ಪತ್ರಿಕೆಯಲ್ಲಿ ವಿವರಿಸಿದರು: ಸಮುದ್ರದ ನೀರು, ಜೀವ ತುಂಬಿದ ಬಂಡೆಗಲ್ಲು, ಒಂದಿಷ್ಟು ಗಾಳಿಗುಳ್ಳೆ. ಇವತ್ತಿನ ಬಹುಪಾಲು ರೀಫ್ ಟ್ಯಾಂಕುಗಳ ಬುಡದಲ್ಲಿ ಆ ಬಂಡೆಗಲ್ಲೇ ಇದೆ. 1980ರ ದಶಕದ ಬರ್ಲಿನ್‌ನಲ್ಲಿ ಡೀಟ್ರಿಚ್ ಸ್ಟೂಬರ್ ಎಂಬ ಹವ್ಯಾಸಿ ಒಂದು ಅಕ್ರೊಪೊರಾ ಕವಲನ್ನು ಬೆಳೆಸಿದರು. ಅದು ಬೆಳೆಯಿತು, ಅವರು ಮುರಿದು ಕೊಟ್ಟರು, ಪಡೆದವರು ಬೆಳೆಸಿ ಮತ್ತೆ ಮುರಿದು ಕೊಟ್ಟರು. ಯುರೋಪಿನ ಹವ್ಯಾಸಿಗಳ ತೊಟ್ಟಿಯಿಂದ ತೊಟ್ಟಿಗೆ ದಾಟುತ್ತ ಅದು ಸ್ಟೂಬರ್ ಅಕ್ರೊಪೊರಾ ಎಂದೇ ಹೆಸರಾಯಿತು. ಕ್ಷಾರತೆ, ಕ್ಯಾಲ್ಸಿಯಂ, ಬೆಳಕು, ನೀರಿನ ಓಟ ಇವುಗಳ ಪಾಠವನ್ನು ಲೋಕ ಕಲಿತದ್ದು ಇಂಥ ಬೆಳೆಯುವ ಹವಳಗಳಿಂದ. ಸತ್ತವುಗಳ ರಾಶಿಯಿಂದ ಕಲಿತದ್ದು, ಇದ್ದರೂ, ತೀರ ಅಲ್ಪ. ಅದಕ್ಕೆ ತೆತ್ತ ಬೆಲೆಯನ್ನು ಯಾರೂ ಕೂಡಿಸಿಲ್ಲ.

ಕಾರ್ನೇಷನ್ ಎಂದು ಮಾರುವ ಡೆಂಡ್ರೊನೆಫ್ತಿಯಾದ ವಿಷಯಕ್ಕೆ ಬಂದರಂತೂ ಪ್ರಯತ್ನ ಎಂಬ ಮಾತನ್ನೇ ಆಡುವಂತಿಲ್ಲ. ಕೆಂಪು, ಕಿತ್ತಳೆ, ನೇರಳೆ ಬಣ್ಣದ ಮೆದು ಹವಳ ಇದು. ಮೈಯೊಳಗೆ ಪಾಚಿ ಇಲ್ಲ, ಬೆಳಕಿನಿಂದ ಊಟ ಹುಟ್ಟುವುದಿಲ್ಲ. ಕೆಂಪು ಸಮುದ್ರದಲ್ಲಿ ನಡೆದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಈ ಹವಳ ಮುಖ್ಯವಾಗಿ ತಿನ್ನುವುದು ನೀರಿನ ಓಟದಲ್ಲಿ ತೇಲಿ ಬರುವ ಸೂಕ್ಷ್ಮ ಸಸ್ಯಕಣಗಳನ್ನು ಎಂದು ಅದು ತೋರಿಸಿತು. ಎಂದರೆ ಹಗಲೂ ರಾತ್ರಿ ಹರಿಯುವ ನೀರು ಹಗಲೂ ರಾತ್ರಿ ಊಟ ಹೊತ್ತು ತರಬೇಕು. ಮನೆಯ ತೊಟ್ಟಿಯಲ್ಲಿ ಅಷ್ಟು ಊಟ ಸುರಿದರೆ ನೀರು ಕೆಡುತ್ತದೆ, ನೈಟ್ರೇಟ್ ಫಾಸ್ಫೇಟ್ ಏರಿ ಉಳಿದ ಹವಳಗಳೂ ಸಾಯುತ್ತವೆ. ಸುರಿಯದಿದ್ದರೆ ಕಾರ್ನೇಷನ್ ಸಾಯುತ್ತದೆ. ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಎಷ್ಟು ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂಗವಾದ ಸಂರಕ್ಷಣಾ ಕೇಂದ್ರ 2003ರಲ್ಲಿ ಹೊರತಂದ ಅಕ್ವೇರಿಯಂ ವ್ಯಾಪಾರದ ವರದಿ, ಅತಿ ಹೆಚ್ಚು ಮಾರಾಟವಾಗುವ ಮೆದು ಹವಳಗಳಲ್ಲಿ ಇದೂ ಒಂದು ಎಂದು ಹೇಳಿ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಸಾಯುತ್ತದೆ ಎಂದೂ ದಾಖಲಿಸಿತು. ಎರಡೂ ಸಂಗತಿ ಒಂದೇ ಕಡೆ ಅಚ್ಚಾಗಿ ಇಪ್ಪತ್ತು ವರ್ಷ ದಾಟಿದೆ. ವ್ಯಾಪಾರ ನಿಂತಿಲ್ಲ.

ಕೈಯಾರೆ ಉಣಿಸಿದರೆ ಸನ್ ಕೋರಲ್ ಎಂಬ ಹವಳವನ್ನು ಸಾಕುವುದು ಸಾಧ್ಯ, ಅದನ್ನು ಒಪ್ಪುತ್ತೇನೆ. ನನ್ನ ಗೆಳೆಯರೊಬ್ಬರು ಸಾಕುತ್ತಾರೆ. ರಾತ್ರಿ ದೀಪ ಆರಿದ ಮೇಲೆ ಪಂಪು ನಿಲ್ಲಿಸಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ಕರಗಿಸಿದ ಮೈಸಿಸ್ ಸೀಗಡಿಯನ್ನು ಪಿಪೆಟ್ಟಿನಲ್ಲಿ ಹೀರಿ ಒಂದೊಂದು ಹಳದಿ ಬಾಯಿಗೂ ಬಿಡುತ್ತಾರೆ. ಬಿಟ್ಟ ತಕ್ಷಣ ಬಂಡೆಯ ಸಂದಿಯಿಂದ ಕ್ಲೀನರ್ ಸೀಗಡಿ ಬಂದು ಹವಳದ ಬಾಯಿಂದಲೇ ತುತ್ತು ಕಿತ್ತುಕೊಳ್ಳುತ್ತದೆ. ಅದನ್ನು ಎಡಗೈಯಲ್ಲಿ ಓಡಿಸುತ್ತ ಬಲಗೈಯಲ್ಲಿ ಉಣಿಸಬೇಕು. ಅವರ ಹೆಂಡತಿ ಒಮ್ಮೆ ಹಜಾರದಿಂದಲೇ, ‘ರೀ, ಮಗನಿಗೆ ಇಷ್ಟು ಕಾಳಜಿಯಿಂದ ಒಂದು ದಿನವಾದರೂ ಊಟ ಮಾಡಿಸಿದ್ರಾ?’ ಎಂದು ಕೇಳಿದ್ದು ನನ್ನ ಎದುರಿಗೇ. ಈ ಶ್ರದ್ಧೆ ನಿಜವಾದದ್ದು. ಅದನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಅವರು ಹದಿನೈದು ದಿನ ಊರಿಗೆ ಹೋದಾಗ ಆ ಹವಳಕ್ಕೆ ಉಣಿಸುವವರು ಯಾರು? ಒಬ್ಬನ ಶ್ರದ್ಧೆಯ ಮೇಲೆ ನಿಂತ ಜೀವ ಆ ಒಬ್ಬನ ವರ್ಗಾವಣೆ, ಆಸ್ಪತ್ರೆ, ಬೇಸರಗಳ ಮೇಲೂ ನಿಂತಿರುತ್ತದೆ. ಅದೂ ಯಾವ ಜೀವ? ಹವಳಕ್ಕೆ ಮೀನಿನ ಹಾಗೆ ಮುಪ್ಪೆಂಬುದು ಗೊತ್ತುಮಾಡಿದ್ದಲ್ಲ. ಸಮುದ್ರದಲ್ಲಿ ಪೊರೈಟಿಸ್ ಎಂಬ ಹವಳದ ದೊಡ್ಡ ಗುಡ್ಡೆಗಳು ವರ್ಷಕ್ಕೆ ಸೆಂಟಿಮೀಟರಿನಷ್ಟು ದಪ್ಪವಾಗುತ್ತ ನೂರಾರು ವರ್ಷ ಬಾಳಿವೆ. ‘ನನ್ನ ಹತ್ತಿರ ಮೂರು ವರ್ಷ ಇತ್ತು’ ಎಂಬ ಹೆಮ್ಮೆಯ ಮಾತನ್ನು ಈ ಅಳತೆಗೋಲಿನ ಪಕ್ಕ ಇಟ್ಟು ನೋಡಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು, ದಾರಿ ಸ್ವಲ್ಪ ತಪ್ಪಿದರೂ ಸರಿ. ಪಾಚಿ ಇರುವ ಹವಳ ಬಹುಪಾಲು ಸಹಜವಾಗಿ ಕಂದು. ಮೈಯೊಳಗಿನ ಪಾಚಿಯ ಬಣ್ಣ ಅದು. ಕಂದು ಹವಳವನ್ನು ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ನೀರಿನಿಂದ ಪೋಷಕಾಂಶವನ್ನೆಲ್ಲ ಹಿಂಡಿ ತೆಗೆದು, ಪಾಚಿ ಕಮ್ಮಿಯಾಗುವ ಹಾಗೆ ಮಾಡಿ, ತೆಳು ಗುಲಾಬಿ, ತೆಳು ನೀಲಿ ಬರಿಸುವ ವಿದ್ಯೆಯೇ ಬೆಳೆದಿದೆ. ಮೇಲೆ ನೀಲಿ ಎಲ್ಇಡಿ ಹಾಕಿದರೆ ಹೊಳೆಯುತ್ತದೆ. ಅರೆಹೊಟ್ಟೆಯ ಪ್ರಾಣಿಯನ್ನು ಸೌಂದರ್ಯಸ್ಪರ್ಧೆಗೆ ನಿಲ್ಲಿಸಿದ್ದೇವೆ. ಆ ಬಣ್ಣಕ್ಕೆ ‘ವಾಲ್ಟ್ ಡಿಸ್ನಿ’, ‘ಹೋಮ್‌ರೆಕರ್’ ಎಂದು ಹೆಸರಿಟ್ಟು ಹೆಬ್ಬೆರಳಗಲದ ತುಂಡನ್ನು ಚಿನ್ನದ ಬೆಲೆಗೆ ಮಾರುತ್ತಾರೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನು ನಿಂತಿದ್ದಾಗ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡ ತರುಣರೊಬ್ಬರು ಒಂದು ಹವಳ ತೋರಿಸಿ ಬೆಲೆ ಕೇಳಿದರು. ಅಂಗಡಿಯ ಹುಡುಗ ಅವರನ್ನು ಮೇಲಿಂದ ಕೆಳಗೆ ನೋಡಿ, ‘ಇದು ಎಕ್ಸ್‌ಪರ್ಟ್‌ಗಳಿಗೆ ಸಾರ್, ನಿಮ್ದು ಎಷ್ಟು ವರ್ಷದ ಟ್ಯಾಂಕು?’ ಎಂದ. ‘ಮೂರು ವರ್ಷ.’ ‘ಹಂಗಾದ್ರೆ ಮಾಡ್ತೀರ ಸಾರ್, ತಗೊಳ್ಳಿ.’ ಅರ್ಧ ನಿಮಿಷದಲ್ಲಿ ಚೀಲಕ್ಕೆ ಆಮ್ಲಜನಕ ತುಂಬಿ ರಬ್ಬರ್ ಬ್ಯಾಂಡ್ ಬಿಗಿದಿದ್ದಾಯಿತು. ಹುಡುಗನನ್ನು ದೂರಿ ಫಲವಿಲ್ಲ, ಅವನಿಗೆ ಕಮಿಷನ್ ಇರುವುದು ಮಾರಿದ್ದಕ್ಕೆ. ಪರಿಣತರಿಗೆ ಮಾತ್ರ ಎಂಬ ಎಚ್ಚರಿಕೆ ಯಾರನ್ನೂ ತಡೆಯುವುದಿಲ್ಲ ಎಂಬುದಷ್ಟೇ ನನ್ನ ಮಾತು. ನೀವೂ ಪರಿಣತರೇ ಎಂದು ಹೇಳಿಸಿಕೊಳ್ಳುವ ಸುಖವನ್ನು ಹವಳದ ಜತೆಗೇ ಕಟ್ಟಿಕೊಡುತ್ತದೆ ಅದು. ಹಾಗಾಗಿ ಎಚ್ಚರಿಕೆ ಇದ್ದ ಹವಳವೇ ಬೇಗ ಮಾರಾಟವಾಗುತ್ತದೆ.

ಈಗ ಎರಡನೆಯ ದೊಡ್ಡ ವಾದ: ಸಮುದ್ರ ಅಷ್ಟು ದೊಡ್ಡದಿದೆ, ನಾವು ತೆಗೆಯುವುದು ಎಷ್ಟು? ಅದೇ 2003ರ ವರದಿಯ ಅಂದಾಜಿನಲ್ಲಿ ಜಗತ್ತಿನ ಗಟ್ಟಿ ಹವಳದ ವ್ಯಾಪಾರ ವರ್ಷಕ್ಕೆ 1.1 ಕೋಟಿಯಿಂದ 1.2 ಕೋಟಿ ತುಂಡು, 140 ಜಾತಿ. ಇಡೀ ಹವಳದ ದಿಬ್ಬಗಳ ವಿಸ್ತಾರಕ್ಕೆ ಹೋಲಿಸಿದರೆ ಇದು ಕಡಿಮೆಯೇ ಇರಬಹುದು. ಆದರೆ ತುಂಡುಗಳು ದಿಬ್ಬದ ಉದ್ದಗಲದಿಂದ ಸಮನಾಗಿ ಬರುವುದಿಲ್ಲ. ಕ್ಯಾಟಲಾಫಿಲಿಯಾ, ಟ್ರ್ಯಾಕಿಫಿಲಿಯಾ, ಬಿಡಿ ಉಂಡೆಯಾಗಿ ಬದುಕುವ ಗೋನಿಯೊಪೊರಾ, ಇಂಥ ದಪ್ಪ ಮಾಂಸದ ಹವಳಗಳು ಹೆಚ್ಚಾಗಿ ಸಿಗುವುದು ದಿಬ್ಬದ ಮೇಲಲ್ಲ, ದಿಬ್ಬಗಳ ನಡುವಿನ ಮರಳು ಕೆಸರಿನ ತಳದಲ್ಲಿ. ಅಲ್ಲಿ ಎಷ್ಟಿವೆ ಎಂದು ಎಣಿಸಿದವರು ವಿರಳ. ದಿಬ್ಬದ ವಿಸ್ತಾರ ತೋರಿಸಿ ಕೆಸರಿನ ಹವಳವನ್ನು ಸಮರ್ಥಿಸಿಕೊಳ್ಳುವುದು ಘಟ್ಟದ ಕಾಡಿನ ವಿಸ್ತೀರ್ಣ ಹೇಳಿ ಬಯಲುಸೀಮೆಯ ದೊರೆಹಕ್ಕಿ ಹೊಡೆದದ್ದಕ್ಕೆ ಸಮಜಾಯಿಷಿ ಕೊಟ್ಟಂತೆ. ತೆಗೆಯುವುದಕ್ಕೆ ತೂಕದ ಮಿತಿ ಇಟ್ಟುಕೊಂಡ ಸರಕಾರಗಳೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ ವರ್ಷಕ್ಕೆ ಒಟ್ಟು 200 ಟನ್. ಟನ್ನಿನ ಲೆಕ್ಕ ಇಟ್ಟರೆ ಬಂಡೆಗಲ್ಲೂ ಒಂದೇ, ಅಪರೂಪದ ಹವಳವೂ ಒಂದೇ ಆಗುವ ಅಪಾಯವನ್ನು ಕಂಡು ಅವರೂ ಕೆಲವು ಜಾತಿಗಳಿಗೆ ಪ್ರತ್ಯೇಕ ಮಿತಿ ತರಬೇಕಾಯಿತು.

‘ಬಿಸಿಯಿಂದ ಕೋಟಿಗಟ್ಟಲೆ ಸಾಯುತ್ತಿರುವಾಗ ನನ್ನ ಒಂದು ತುಂಡು ಏನು ಮಹಾ?’ ಇದು ಈಚೆಗೆ ಹೆಚ್ಚು ಕೇಳಿಬರುವ ಸಮಾಧಾನ. ಸಾಯುತ್ತಿರುವುದು ನಿಜ. ಮೈಸೂರಿನಲ್ಲಿ ನೆಲೆ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ನೋಡುತ್ತ ಬಂದಿದ್ದಾರೆ. 1998, 2010, 2016ರ ಬಿಸಿಯ ಅಲೆಗಳು ಬಂದು ಹೋದ ಮೇಲೆ, 2022ರ ಹೊತ್ತಿಗೆ ಜೀವಂತ ಹವಳದ ಹರಹು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆ ಘೋಷಣೆಯಾಯಿತು. ಇಷ್ಟನ್ನು ತಿಳಿದೂ, ತಿಳಿದಿರುವುದನ್ನೇ ನೆಪ ಮಾಡಿಕೊಂಡು, ಉಳಿದದ್ದರಲ್ಲಿ ಚೆಂದದ್ದನ್ನು ಆರಿಸಿ ತರುವುದು ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೆಲಸ. ಅದರಲ್ಲೂ ಬಿಸಿಗೆ ಬಿಳಿಚಿಯೂ ಚೇತರಿಸಿಕೊಂಡ ಕಾಲನಿಯೇ ಮುಂದಿನ ದಿಬ್ಬಕ್ಕೆ ಬೀಜ. ಸಂಗ್ರಹಕಾರನ ಉಳಿ ಸುತ್ತಿಗೆ ಹುಡುಕುವುದೂ ಅದನ್ನೇ, ಏಕೆಂದರೆ ಬಣ್ಣ ಮರಳಿ ಪಡೆದದ್ದು ಅದು.

ಮುಳುಗುಗಾರರ ಹೊಟ್ಟೆಪಾಡಿನ ಪ್ರಶ್ನೆಯನ್ನು ಮಾತ್ರ ತೇಲಿಸಿ ಬಿಡಲಾಗದು. ಇಂಡೋನೇಷ್ಯಾದ ದ್ವೀಪಗಳಲ್ಲಿ ಕಂಪ್ರೆಸರಿನ ಕೊಳವೆ ಬಾಯಿಗಿಟ್ಟುಕೊಂಡು ಇಳಿಯುವವರಿಗೆ ಹವಳ ಸಂಬಳ. ಆ ದೇಶ 2018ರಲ್ಲಿ ಹವಳದ ರಫ್ತು ನಿಲ್ಲಿಸಿದಾಗ ತೊಂದರೆಗೆ ಸಿಕ್ಕವರು ಯುರೋಪಿನ ಹವ್ಯಾಸಿಗಳಿಗಿಂತ ಮೊದಲು ಇವರು. ಆದರೆ 2020ರಲ್ಲಿ ರಫ್ತು ಮತ್ತೆ ತೆರೆದಾಗ ಅದು ತೆರೆದದ್ದು ಸಮುದ್ರದಲ್ಲಿ ಕೃಷಿ ಮಾಡಿದ ಹವಳಕ್ಕೆ: ಸಿಮೆಂಟಿನ ಬಿಲ್ಲೆಗೆ ತುಂಡು ಕಟ್ಟಿ, ಕಬ್ಬಿಣದ ಚೌಕಟ್ಟಿನ ಮೇಲೆ ತಿಂಗಳುಗಟ್ಟಲೆ ಬೆಳೆಸಿದ್ದು. ಹೀಗೆ ಬೆಳೆಯುವುದು ಕವಲೊಡೆಯುವ ಅಕ್ರೊಪೊರಾ, ಯೂಫಿಲಿಯಾ, ಮೆದು ಹವಳಗಳು. ಹೊಟ್ಟೆಪಾಡಿಗೆ ದಾರಿ ಅದು. ಕಷ್ಟದ ಹವಳಗಳಲ್ಲಿ ಬಹುಪಾಲು ಈ ಕೃಷಿಗೆ ಒಗ್ಗದವು, ನಿಧಾನ ಬೆಳೆಯುವವು, ತುಂಡು ಮಾಡಿದರೆ ಕೊಳೆಯುವವು. ಹೊಟ್ಟೆಪಾಡಿನ ಹೆಸರಲ್ಲಿ ಅವನ್ನು ಕೊಳ್ಳುವವರು ಕೃಷಿ ಮಾಡುವವನ ಗಿರಾಕಿಯಾಗುವ ಬದಲು ಕೀಳುವವನ ಗಿರಾಕಿಯಾಗುತ್ತಾರೆ.

ಕಡೆಯದು ನೋಹನ ನಾವೆಯ ವಾದ. ಇತ್ತೀಚೆಗೆ ತುಂಬ ಜನಪ್ರಿಯ. ಸಮುದ್ರ ಸತ್ತರೂ ನಮ್ಮ ತೊಟ್ಟಿಗಳಲ್ಲಿ ಹವಳ ಉಳಿದಿರುತ್ತದೆ, ಒಂದು ದಿನ ಅಲ್ಲಿಂದ ಸಮುದ್ರಕ್ಕೆ ಮರಳುತ್ತದೆ ಎಂಬುದು. ಇಂಥ ನಾವೆ ನಿಜವಾಗಿ ಹೇಗಿರುತ್ತದೆ ಎಂದು ಫ್ಲೋರಿಡಾದಲ್ಲಿ ನೋಡಬಹುದು. ಅಲ್ಲಿ 2014ರಲ್ಲಿ ಮಯಾಮಿ ತೀರದಲ್ಲಿ ಕಾಣಿಸಿಕೊಂಡ ಒಂದು ರೋಗ ಹವಳದ ಮಾಂಸವನ್ನು ಕಳಚಿ ಹಾಕುತ್ತ ಇಡೀ ದಿಬ್ಬದ ಉದ್ದಕ್ಕೂ ಹಬ್ಬಿತು. ರೋಗ ಮುಟ್ಟುವ ಮುಂಚೆ ಕಾಲನಿಗಳನ್ನು ತೆಗೆದು ದೇಶದ ಮೃಗಾಲಯಗಳಿಗೆ, ಸಾರ್ವಜನಿಕ ಅಕ್ವೇರಿಯಂಗಳಿಗೆ ಸಾಗಿಸಿದರು. ಸಮುದ್ರದ ಗಾಳಿಯೂ ಸೋಕದ ನೆಬ್ರಾಸ್ಕಾದ ಓಮಹಾ ಮೃಗಾಲಯದಲ್ಲೂ ಅವುಗಳಿಗೆ ಕೋಣೆ ಸಿಕ್ಕಿತು. ಪ್ರತಿ ಕಾಲನಿ ಎಲ್ಲಿಂದ ಬಂತು ಎಂಬ ದಾಖಲೆ, ಬೇರೆ ಸಾಗರದ ಜೀವಿಗಳ ಸೋಂಕು ತಗುಲದ ಪ್ರತ್ಯೇಕ ನೀರು, ವಂಶವಾಹಿಯ ಗುರುತು. 2019ರಲ್ಲಿ ಫ್ಲೋರಿಡಾ ಅಕ್ವೇರಿಯಂನಲ್ಲಿ ಕಂಬದ ಹವಳ ಮೊಟ್ಟೆ ಇಟ್ಟದ್ದು ಹೀಗೆ ಸಾಕಿದ್ದರಿಂದ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ತಂಡ ಹವಳಗಳಿಗೆ ಮೊಟ್ಟೆ ಇಡಿಸಬೇಕಾದರೆ ಮೂಲ ದಿಬ್ಬದ ವರ್ಷಪೂರ್ತಿಯ ಉಷ್ಣತೆ, ಸೂರ್ಯಾಸ್ತದ ಹೊತ್ತು, ಬೆಳದಿಂಗಳ ಏರಿಳಿತ ಎಲ್ಲವನ್ನೂ ತೊಟ್ಟಿಯೊಳಗೆ ನಕಲು ಮಾಡಬೇಕಾಯಿತು.

ನಮ್ಮ ಹಜಾರದ ತೊಟ್ಟಿಯಲ್ಲಿ ಇಂಡೋನೇಷ್ಯಾದ ಯೂಫಿಲಿಯಾದ ಪಕ್ಕ ಆಸ್ಟ್ರೇಲಿಯಾದ ಹವಳ, ಅದರ ಮೇಲೆ ಕೆಂಪು ಸಮುದ್ರದ ಮೀನು. ಯಾವ ತುಂಡು ಯಾವ ದ್ವೀಪದ್ದೆಂದು ಮಾಲೀಕನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಕರೆಂಟ್ ಹೋಗಿ ಯುಪಿಎಸ್ ಬಾಯಿಬಿಟ್ಟರೆ ನಾವೆ ಬೆಳಗಾಗುವಷ್ಟರಲ್ಲಿ ಮುಳುಗುತ್ತದೆ. ಇಂಥ ತುಂಡನ್ನು ಲಕ್ಷದ್ವೀಪದಲ್ಲೋ ನಮ್ಮ ನೇತ್ರಾಣಿಯ ಸುತ್ತಲಲ್ಲೋ ಬಿಡಲು ಯಾವ ವಿಜ್ಞಾನಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಫ್ಲೋರಿಡಾದ ಕೆನ್ ನೆಡಿಮೈಯರ್ ಅಕ್ವೇರಿಯಂಗೆ ಬಂಡೆಗಲ್ಲು ಬೆಳೆಸಿ ಮಾರುತ್ತಿದ್ದವರು; ಆ ಕಲ್ಲುಗಳ ಮೇಲೆ ತಾನಾಗಿ ಕೂತ ಕವಲು ಹವಳವನ್ನು ಮಗಳೊಂದಿಗೆ ಬೆಳೆಸುತ್ತ ಹೋಗಿ ಕೊನೆಗೆ ದಿಬ್ಬಗಳನ್ನು ಮರಳಿ ನೆಡುವ ಸಂಸ್ಥೆಯನ್ನೇ ಕಟ್ಟಿದರು. ಹವ್ಯಾಸದವರು ಅವರ ಹೆಸರನ್ನು ಪದೇಪದೇ ಎತ್ತುತ್ತಾರೆ. ಅವರು ಬೆಳೆಸಿದ್ದು ಅದೇ ಸಮುದ್ರದ ಹವಳ, ಅದೇ ಸಮುದ್ರದಲ್ಲಿ, ಬೇಗ ಬೆಳೆಯುವ ಜಾತಿ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಭಾರತದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ, ಅದನ್ನು ಹವ್ಯಾಸಿಗಳು ಗಟ್ಟಿಯಾಗಿ ಮಾತಾಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳೂ ಸೇರಿದವು. ಹುಲಿ ಇರುವ ಪಟ್ಟಿ ಅದು. ನಮ್ಮ ಸಮುದ್ರದ ಹವಳ ಕಿತ್ತು ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಹೊರದೇಶದ್ದು ಎಂದು ಹೇಳಿ ಮಾರುವಾಗ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಕಾಗದ ಬೇಕು. ಆ ಕಾಗದವನ್ನು ಕೇಳಿ ನೋಡಿದ ಗಿರಾಕಿ ಎಷ್ಟು ಜನ? ಹತ್ತು ಬಗೆಯ ಟೆಸ್ಟ್ ಕಿಟ್ ಇಟ್ಟುಕೊಂಡು ಮೆಗ್ನೀಸಿಯಂ ಅಳೆಯುವ ಪರಿಣತರಿಗೆ ಈ ಒಂದು ಪರೀಕ್ಷೆ ಮಾಡಲು ಮನಸ್ಸಾಗುವುದಿಲ್ಲ.

2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಯಾದ ಕಾಯ್ದೆ, ಅದರ ಬೆನ್ನಿಗೆ 2024ರಲ್ಲಿ ಬಂದ ನಿಯಮಗಳು, ಸೈಟಿಸ್ ಪಟ್ಟಿಯ ವಿದೇಶಿ ಜೀವಿ ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು ಎನ್ನುತ್ತವೆ. ಇಟ್ಟುಕೊಂಡದ್ದು, ಕೈಬದಲಾದದ್ದು, ಹುಟ್ಟಿದ್ದು, ಸತ್ತದ್ದು ಎಲ್ಲವನ್ನೂ ತಿಳಿಸಬೇಕು. ಗಿಳಿ, ಹಲ್ಲಿ, ಹಾವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮ ಇದು ಎಂಬುದು ಓದಿದರೆ ಗೊತ್ತಾಗುತ್ತದೆ. ಹವಳವನ್ನು ಮುರಿದು ಎರಡು ಮಾಡಿದರೆ ಅದು ಹುಟ್ಟೋ ಅಲ್ಲವೋ ಎಂದು ಯಾವ ಅರಣ್ಯಾಧಿಕಾರಿಯೂ ಹೇಳಲಾರರು. ಅದು ಹೇಗೂ ಇರಲಿ. ಸಾವಿನ ವರದಿ ಎಂಬುದೊಂದು ಅಲ್ಲಿದೆಯಲ್ಲ, ಹವಳದ ಹವ್ಯಾಸಿಗಳು ಅಲ್ಲಿಂದ ಶುರು ಮಾಡಬಹುದು. ಪ್ರಯೋಗ ಮಾಡುತ್ತಿದ್ದೇವೆ ಎನ್ನುವವರು ತಂದ ಪ್ರತಿ ಗೋನಿಯೊಪೊರಾ, ಪ್ರತಿ ಕಾರ್ನೇಷನ್ ಯಾವ ಅಂಗಡಿಯಿಂದ ಯಾವ ದಿನ ಬಂತು, ಯಾವ ದಿನ ಸತ್ತಿತು ಎಂದು ನಮೂದಿಸಲಿ, ತಮ್ಮ ಕೂಟಗಳಲ್ಲಿ ಆ ಪಟ್ಟಿಯನ್ನು ಓದಲಿ. ಅಂಗಡಿಯವರೂ ಪೆಟ್ಟಿಗೆ ತೆರೆದ ದಿನವೇ ಸತ್ತು ಬಂದದ್ದನ್ನು ಸೇರಿಸಲಿ. ಎರಡು ವರ್ಷ ಹೀಗೆ ಬರೆದ ಪುಸ್ತಕ ತಂದು ತೋರಿಸಿದರೆ ಕಷ್ಟದ ಹವಳ ಯಾರು ಸಾಕಬಹುದು ಎಂಬ ಚರ್ಚೆಗೆ ನಾನು ಮತ್ತೆ ಕೂರಲು ಸಿದ್ಧ.